ಚಲುವಮ್ಮ ಹಾಕಿಸಿದ ಆಣೆ

ಆ ದಿನ ಬೆಳಿಗ್ಗೆ ಏಳು ಗಂಟೆಗೇ ಗಂಜಾಂನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಹೊಳೆಯ ಕಡೆಯಿಂದ ಒಂದು ಎಳೆ ಗಾಳಿಯೂ ಇರಲಿಲ್ಲ. ಅಂಥ ಸೆಕೆಯಲ್ಲಿ ಒಂಬತ್ತನೇ ತರಗತಿಯ ಅರ್ಪಿತ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಸ್ಕೂಲಿಗೆ ಹೊರಟಳು.

"ಯಾಕಮ್ಮಿ ಸ್ವೆಟ್ರು?" ಅಂದಳು ತಾಯಿ ಚಲುವಮ್ಮ. ಅವಳು ನಿಮಿಷಾಂಬ ದೇವಸ್ಥಾನದ ಮುಂದೆ ಹೂವು ಮಾರುವವಳು.

"ಚಳಿ ಕಣವ್ವ."

ಮಧ್ಯಾಹ್ನ ಸ್ಕೂಲಿಗೆ ಬನ್ನಿ ಎಂದು ಫೋನು ಬಂತು. ಟೀಚರ್ ಮೇಘನ ಮೇಡಂ ಅಲ್ಲಿಗೆ ಹೋದ ಚಲುವಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ವಿಷಯ ತಿಳಿಸಿದರು. ಮನಸ್ಸಿನ ಸಂಕಟ ತಡೆಯಲಾಗದೆ ಅರ್ಪಿತ ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಾಳೆ. ಗುರುವಾರ ಗುರುವಾರ ಸ್ಕೂಲಿಗೆ ಆಪ್ತಸಮಾಲೋಚಕಿ ಬರುತ್ತಾರೆ. ಅವರ ಹತ್ತಿರ ಮಾತಾಡಲಿ, ಬೇಕಾದರೆ ಡಾಕ್ಟರಿಗೂ ತೋರಿಸೋಣ. ಅದಕ್ಕೆ ಈ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು.

"ನಿಮ್ಗೆ ಯಾರು ಯೋಳಿದ್ದು?"

"ಅವಳೇ ಹೇಳಿದ್ಳು."

ಗಾಯದ ಸುದ್ದಿಗಿಂತ ಆ ಮಾತೇ ಚಲುವಮ್ಮನನ್ನು ಹೆಚ್ಚು ಚುಚ್ಚಿತು. ಪತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದುಬಂದಳು.

ಸಂಜೆ ಮಗಳು ಮನೆಗೆ ಬಂದದ್ದೇ ಅವಳನ್ನು ಹೊಳೆಯ ಮೆಟ್ಟಿಲಿಗೆ ಕರೆದೊಯ್ದಳು. ಹಣತೆ ಹಚ್ಚಿಸಿ, ಮಗಳ ಅಂಗೈಗೆ ಕುಂಕುಮ ಇಟ್ಟು, "ನಿಮಿಷಾಂಬವ್ವನ ಆಣೆಗೂ ಇನ್ನು ಮಾಡಲ್ಲ ಅನ್ನು. ಆ ಮೇಡಂ ತಾವ ಮನೆ ವಿಸ್ಯ ಯೋಳಲ್ಲ ಅಂತಲೂ ಅನ್ನು" ಅಂದಳು. ಅರ್ಪಿತ ಎರಡೂ ಅಂದಳು. ದೊಡ್ಡದೊಂದು ಕೆಲಸ ಮುಗಿಯಿತು ಎಂದುಕೊಂಡ ಚಲುವಮ್ಮ ಪತ್ರಕ್ಕೆ ಸಹಿ ಹಾಕಲಿಲ್ಲ.

ಆದರೆ ಹೊಟ್ಟೆಯ ಉರಿ ಆರಲಿಲ್ಲ. ಅರ್ಪಿತ ದಿನಾ ಮೇಡಂಗೆ ಒಂದು ಮೊಳ ಮಲ್ಲಿಗೆ ಒಯ್ಯುತ್ತಿದ್ದಳು. ಚಲುವಮ್ಮ ಅದನ್ನು ಗೇಣಿಗೆ ಇಳಿಸಿದಳು. ಆಮೇಲೆ ಬಾಡಿದ್ದನ್ನೇ ಆರಿಸಿ ಕೊಟ್ಟಳು.

ಹದಿನೈದು ದಿನ ಕಳೆಯಿತು. ಮಗಳು ಸ್ನಾನ ಮಾಡಿ ಬರುವಾಗ ತೋಳಿನ ಮೇಲೆ ಹೊಸ ಗಾಯ ಕಂಡಿತು. ಚಲುವಮ್ಮನ ಕೈ ಮೇಲೆದ್ದಿತು.

ಅರ್ಪಿತ ತಪ್ಪಿಸಿಕೊಳ್ಳಲಿಲ್ಲ. "ಹೊಡೀ ಅವ್ವ. ಆಣೆ ತಪ್ಪಿದೀನಿ. ಇನ್ನು ದೇವ್ರಿಗೂ ಬ್ಯಾಡ್ವಾದೆ. ಮೇಡಂ ತಾವ ಮಾತಾಡಂಗೂ ಇಲ್ಲ" ಅಂದಳು. ಅವಳ ದನಿಯಲ್ಲಿ ಅಳುವೂ ಇರಲಿಲ್ಲ. ಆ ಒಣ ದನಿ ಕೇಳಿ ತಾಯಿಯ ಕೈ ತಾನಾಗಿ ಇಳಿಯಿತು.

ಮಗಳ ಕೈ ಹಿಡಿದುಕೊಂಡೇ ಪಕ್ಕದ ಮನೆಗೆ ಹೋದಳು. ಅಲ್ಲಿ ಖತೀಜಾ ಬೀ ಇದ್ದಾಳೆ, ಆ ಬೀದಿಯ ಆಶಾ ಕಾರ್ಯಕರ್ತೆ. ಖತೀಜಾ ಬೀ ಮೊದಲು ಗಾಯ ತೊಳೆದು ಔಷಧಿ ಹಚ್ಚಿದಳು. ಯಾಕೆ, ಏನು ಎಂದು ಕೇಳಲಿಲ್ಲ. ಹುಡುಗಿಗೆ ಚಹಾ ಕೊಟ್ಟು ಒಳಗೆ ಕೂರಿಸಿ, ಜಗುಲಿಗೆ ಬಂದಳು.

"ನನ್ನ ಎದ್ರುಸೋಕೆ ಮಾಡ್ತಾಳೋ, ದೆವ್ವದ ಸೋಕೋ, ಗೊತ್ತಾಯ್ತಿಲ್ಲ ಅಕ್ಕ" ಅಂದಳು ಚಲುವಮ್ಮ.

"ಎರಡೂ ಅಲ್ಲ. ಒಳಗಿನ ನೋವು ತಡಿಯಕ್ಕೆ ಆಗ್ದೆ ಹಂಗ್ ಮಾಡ್ಕತಾರೆ. ಜ್ವರ ಬಂದ ಮಗೀಗೆ ಜ್ವರ ಬರ್ಸ್ಕೊಬ್ಯಾಡ ಅಂತ ಆಣೆ ಹಾಕ್ಸ್ತೀಯಾ?"

"ಪತ್ರಕ್ಕೆ ಸೈನ್ ಮಾಡುದ್ರೆ ಇಡೀ ಸ್ಕೂಲ್ಗೇ ಗೊತ್ತಾಯ್ತದೆ."

"ಇಲ್ಲ. ಕೌನ್ಸೆಲರು ಬೇರೆ ಮಕ್ಕಳಿಗೆ ಹೇಳಲ್ಲ. ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ನಿಂಗೆ, ಡಾಕ್ಟ್ರಿಗೆ ತಿಳಿಸ್ತಾರೆ."

ಆಗ ಚಲುವಮ್ಮನ ಒಳಗಿನದು ಹೊರಬಂತು. "ಒಂಬತ್ತು ತಿಂಗ್ಳು ಹೊತ್ತೋಳು ನಾನು. ನಿನ್ನೆ ಮೊನ್ನೆ ಬಂದ ಆ ಮೇಡಂಗೆ ಯೋಳ್ತಾಳಲ್ಲ?"

"ಅರೆ, ಇದಾ ವಿಷ್ಯ" ಎಂದು ಖತೀಜಾ ಬೀ ನಕ್ಕಳು. "ಹೆರಿಗೆಗೆ ನಿನ್ನ ಕರ್ಕೊಂಡು ಹೋಗಿದ್ದು ನಾನೇ ಅಲ್ವಾ? ಮಗೀನ ಮೊದ್ಲು ಎತ್ಕೊಂಡಿದ್ದು ನರ್ಸು. ಅವಳ ಮೇಲೂ ಹೊಟ್ಟೆ ಉರ್ಕೊಂಡಿದ್ಯಾ ಚಲುವಿ?"

ಅಷ್ಟರಲ್ಲಿ ಬಾಗಿಲಿಗೆ ಬಂದ ಅರ್ಪಿತ ಮೆಲ್ಲಗೆ ಹೇಳಿದಳು. "ನಿಂಗೆ ಯೋಳುದ್ರೆ ಅಳ್ತೀಯ ಅವ್ವ. ನಿನ್ನ ಅಳುನೂ ನಾನೇ ಹೊರಬೇಕು. ಮೇಡಂ ಅಳ್ಲಿಲ್ಲ, ಬೈಲಿಲ್ಲ. ಕೂತ್ಕೊ ಅಂದ್ರು ಅಷ್ಟೇಯ."

ಚಲುವಮ್ಮನಿಗೆ ಅಳು ಬಂತು. ನುಂಗಿಕೊಂಡಳು. ಜಗುಲಿಯ ಮೇಲೆ ಸರಿದು ಜಾಗ ಮಾಡಿ, "ಕೂತ್ಕೊ" ಅಂದಳು. ಮಗಳು ಕೂತಳು.

ಸಂಜೆ ಇಬ್ಬರೂ ಹೊಳೆಗೆ ಹೋದರು. "ತಾಯಿ, ಆಣೆ ಹಾಕ್ಸಿದ ತಪ್ಪು ನಂದು. ಮಗಿಂದಲ್ಲ. ಅದನ್ನ ಬುಡುಸ್ಬುಡು" ಎಂದು ಚಲುವಮ್ಮ ದೇವಿಗೆ ಕೈಮುಗಿದಳು. ತಾಯಿಗೆ ಹೆತ್ತ ಕರುಳು ಕೊಟ್ಟ ದೇವಿಗೆ ನೊಂದ ಮಗುವಿನ ಮೇಲೆ ಕೋಪ ಎಲ್ಲಿಯದು?

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮಗು ಗಾಯ ಮುಚ್ಚಿಟ್ಟುಕೊಳ್ಳುತ್ತಿದ್ದರೆ ಹೊಡೆಯಬೇಡಿ, ಆಣೆ ಹಾಕಿಸಬೇಡಿ. ಪಕ್ಕದಲ್ಲಿ ಕೂತು ಕೇಳಿ. ಸ್ಕೂಲಿನ ಟೀಚರಿಗೆ, ಆಶಾ ಕಾರ್ಯಕರ್ತೆಗೆ ತಿಳಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕಾಸು ಕೊಡಬೇಕಿಲ್ಲ. ಮಗು ನಿಮಗೆ ಹೇಳದೆ ಇನ್ನೊಬ್ಬರಿಗೆ ಹೇಳಿದರೆ ಹೊಟ್ಟೆಕಿಚ್ಚು ಪಡಬೇಡಿ. ಹೇಳಿತಲ್ಲ, ಅದೇ ದೊಡ್ಡದು.

ಆ ಗುರುವಾರ ಪ್ರಾರ್ಥನೆಯ ಬೆಲ್ಲು ಹೊಡೆಯುವ ಮುಂಚೆ ಚಲುವಮ್ಮ ಮಗಳ ಜೊತೆ ಸ್ಕೂಲಿಗೆ ಬಂದಳು. ಸಹಿ ಹಾಕಿದ ಪತ್ರವನ್ನು ಮೇಘನ ಮೇಡಂ ಕೈಗಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿದಳು.