ತಿಮಿಂಗಿಲ ಕೇಳಲು ಹೋದ ಸತ್ಯವತಿ

ಸತ್ಯವತಿ ಟ್ರಂಕ್ ಕಾಲ್ ಆಪರೇಟರ್. ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಜೊತೆಗಿದ್ದ ತಾಯಿ ತೀರಿಕೊಂಡ ಮೇಲೆ ಒಬ್ಬಳೇ ಆದಳು. ಆಫೀಸಿನಲ್ಲಿ ದಿನವಿಡೀ ಕಿವಿಗೆ ಊರೂರಿನ ದನಿ. ಮನೆಗೆ ಬಂದರೆ ಮಾತನಾಡಲು ಯಾರೂ ಇಲ್ಲ.

೧೯೮೩ರ ಜನವರಿಯಲ್ಲಿ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಒಂದು ಪ್ರಕಟಣೆ ಕಂಡಿತು. ಶ್ರೀಲಂಕಾದ ಟ್ರಿಂಕೋಮಲಿ ಬಳಿ ಗೂನುಬೆನ್ನಿನ ತಿಮಿಂಗಿಲಗಳನ್ನು ಹುಡುಕುವ ವಿಜ್ಞಾನಿಗಳ ಜೊತೆ ಕೆಲಸ ಮಾಡಲು ಸಾಮಾನ್ಯ ಜನ ಬೇಕಾಗಿದ್ದರು. ಕಿವಿ ಚುರುಕಾಗಿದ್ದರೆ ಒಳ್ಳೆಯದು ಎಂದಿತ್ತು. ಅವಳು ಅಂದೇ ಅರ್ಜಿ ಹಾಕಿದಳು. ಒಪ್ಪಿಗೆಯೂ ಬಂತು.

"ತಿಮಿಂಗಿಲಕ್ಕೋಸ್ಕರ ಮೂರು ವಾರ ರಜಾನಾ?" ಎಂದರು ಸೂಪರ್‌ವೈಸರ್ ರಾಮಕೃಷ್ಣಪ್ಪ. "ತಿರುಪತಿಗೆ ಹೋಗಿ ಬನ್ನಿ, ಪುಣ್ಯನಾದ್ರೂ ಬರುತ್ತೆ."

"ಅಮ್ಮನ್ನ ನೋಡ್ಕೊಳ್ಳೋದ್ರಲ್ಲಿ ನಾನು ಎಲ್ಲಿಗೂ ಹೋಗಿಲ್ಲ ಸರ್," ಎಂದಳು. ಅವರು ಸಹಿ ಹಾಕಿದರು.

ಟ್ರಿಂಕೋಮಲಿಯಿಂದ ಹೊರಟ ದೋಣಿಯಲ್ಲಿ ಎರಡು ದಿನ ವಾಂತಿ. ಮೂರನೆಯ ದಿನ ವಿಜ್ಞಾನಿ ಹೆಲೆನ್ ಅವಳಿಗೆ ಹೆಡ್‌ಫೋನ್ ಕೊಟ್ಟಳು. ಉಳಿದವರು ಮೇಲೆ ನಿಂತು ತಿಮಿಂಗಿಲದ ಬಾಲಕ್ಕಾಗಿ ಕಾಯುತ್ತಿದ್ದರು. ಸತ್ಯವತಿ ಕೆಳಗೆ ಕೂತು, ನೀರಿಗಿಳಿಸಿದ ಮೈಕಿನಲ್ಲಿ ಕೇಳಿದ್ದನ್ನೆಲ್ಲ ಬರೆದುಕೊಳ್ಳಬೇಕಿತ್ತು. ದಿನಗಟ್ಟಲೆ ಸಿಗಡಿಗಳ ಚಟಪಟ, ದೂರದ ಹಡಗುಗಳ ಗುಡುಗುಡು, ಅಷ್ಟೇ.

ಒಂಬತ್ತನೆಯ ಬೆಳಿಗ್ಗೆ ಆಳದಿಂದ ಉದ್ದನೆಯ ಒಂದು ನರಳಿಕೆ ಎದ್ದಿತು. ಆಮೇಲೆ ಹಳೆಯ ಬಾಗಿಲು ಕಿರುಗುಟ್ಟಿದ ಹಾಗೆ. ಮತ್ತೆ ಅದೇ ನರಳಿಕೆ.

"ಗಂಡು," ಎಂದಳು ಹೆಲೆನ್, ಪಿಸುದನಿಯಲ್ಲಿ. "ಹಾಡುತ್ತಿದೆ. ಯಾರಿಗೋ, ಗೊತ್ತಿಲ್ಲ."

ಎರಡು ಗಂಟೆ ಹಾಡಿತು. ಬೇರೊಂದು ದನಿ ಬರಲಿಲ್ಲ. ಆಮೇಲೆ ನಿಂತುಹೋಯಿತು. ಸಂಜೆಯವರೆಗೆ ಹುಡುಕಿದರೂ ಬೆನ್ನೂ ಕಾಣಲಿಲ್ಲ, ಬಾಲವೂ ಕಾಣಲಿಲ್ಲ. ತಾಯಿ ಸತ್ತಾಗಲೂ ಅಳದಿದ್ದ ಸತ್ಯವತಿ ಹೆಡ್‌ಫೋನ್ ತೆಗೆಯದೆ ಅತ್ತಳು.

ಊರಿಗೆ ಮರಳಿದಾಗ ಆಫೀಸಿನಲ್ಲಿ ಒಂದು ದಿನ ವಿಚಾರಿಸಿ ಎಲ್ಲರೂ ಮರೆತರು. ಏಪ್ರಿಲ್‌ನಲ್ಲಿ ಹೆಲೆನ್ ಆ ಹಾಡಿನ ಕ್ಯಾಸೆಟ್ ಕಳಿಸಿದಳು. ಸತ್ಯವತಿ ಅದನ್ನು ಹಾಕಿದಾಗ, ಪಾತ್ರೆ ತೊಳೆಯುತ್ತಿದ್ದ ಮನೆಗೆಲಸದ ಅಂಜಿನಮ್ಮ ಕೈ ಒರೆಸಿಕೊಂಡು ಬಂದು ಕೂತಳು.

"ಅಳ್ತೈತೇನವ್ವಾ ಇದು?"

"ಹಾಡ್ತಿದೆಯಂತೆ."

"ಒಂದೇ ಐತಾ?"

"ನಮಗೆ ಕೇಳಿಸಿದ್ದು ಒಂದೇ."

"ಅಯ್ಯೋ ಪಾಪ," ಎಂದ ಅಂಜಿನಮ್ಮ ಪೂರ್ತಿ ಮುಗಿಯುವವರೆಗೆ ಏಳಲಿಲ್ಲ.

ಜುಲೈನಲ್ಲಿ ತಮಿಳರ ಮೇಲಿನ ಗಲಭೆಯಲ್ಲಿ ಶ್ರೀಲಂಕಾ ಹೊತ್ತಿ ಉರಿಯಿತು. ಮುಂದಿನ ವರ್ಷ ವಿಜ್ಞಾನಿಗಳ ದೋಣಿ ಅಲ್ಲಿಗೆ ಬರಲಿಲ್ಲ. ಸತ್ಯವತಿ ಪ್ರತಿ ಜನವರಿಯಲ್ಲೂ ಹೆಲೆನ್‌ಗೆ ಬರೆಯುತ್ತಿದ್ದಳು: ಯಾವ ಸಮುದ್ರವಾದರೂ ಸರಿ, ಕರೆದರೆ ಬರುತ್ತೇನೆ. ೧೯೮೭ರ ಕಾಗದ ಆ ವಿಳಾಸದಲ್ಲಿ ಯಾರೂ ಇಲ್ಲವೆಂಬ ಮುದ್ರೆ ಹೊತ್ತು ಹಿಂದಿರುಗಿತು.