ಹಾಲಿನ ಮೇಲೆ ಇಟ್ಟ ಕೈ

ಹಡಗಿನ ಒಳಗುಟ್ಟು ತೋರಿಸುವ ಸುತ್ತಾಟಕ್ಕೆ ಟಿಕೆಟ್ ಬೇರೆ. ಬಟ್ಟೆ ಒಗೆಯುವ ಕೋಣೆ, ತಣ್ಣನೆಯ ಉಗ್ರಾಣ, ಅಡುಗೆಮನೆ ಎಂದು ಪ್ರಯಾಣಿಕರ ಕಣ್ಣಿಗೆ ಬೀಳದ್ದನ್ನೆಲ್ಲ ಎರಡು ಗಂಟೆಯಲ್ಲಿ ತೋರಿಸಿ ಕಳಿಸುತ್ತಾರೆ. ಆ ಟಿಕೆಟ್ಟನ್ನು ಯುವಶ್ರೀ ಯಾರಿಗೂ ಹೇಳದೆ ಕೊಂಡಳು. ಹೇಳಿದ್ದರೆ ಮನೆಯವರು ಒಬ್ಬರಲ್ಲ ಒಬ್ಬರು ತಲೆನೋವು, ಹೊಟ್ಟೆನೋವು ಎಂದು ಏನಾದರೂ ನೆಪ ತೆಗೆದು ತಡೆಯುತ್ತಿದ್ದರು. ಅದು ಅವಳಿಗೆ ಆಮೇಲೆ ಹೊಳೆಯಿತು.

ಮನೆಯವರೆಂದರೆ ಅಪ್ಪ ಚಿನ್ನಸಾಮಿ, ಅಮ್ಮ, ಅಮ್ಮನ ಅಣ್ಣ ಪ್ರಭಾಕರನ್ ಮಾಮ, ಮಾಮನ ಮಗ ಶರವಣನ್, ಮತ್ತೆ ಎಲ್ಲರ ತಲೆಯ ಮೇಲೆ ಅವ್ವ ಪಾಂಡಿಯಮ್ಮಾಳ್. ಅವ್ವ ಎಂದರೆ ಅಮ್ಮನ ತಾಯಿ, ಮಾಮನಿಗೂ ತಾಯಿ. ತನ್ನೂರು ಮಾರ್ಕಯನ್‌ಕೋಟ್ಟೈ ಬಿಟ್ಟರೆ ಕಂಬಂ ಸಂತೆಯಾಚೆಗೆ ಹೋಗದ ಆ ಮುದುಕಿ ಇದ್ದಕ್ಕಿದ್ದಂತೆ ಸಮುದ್ರ ನೋಡಬೇಕು ಎಂದಾಗ ಎಲ್ಲರೂ ನಕ್ಕಿದ್ದರು. ಅತಿ ಹೆಚ್ಚು ಖುಷಿಪಟ್ಟವಳು ಯುವಶ್ರೀ. ಚೆನ್ನೈನಿಂದ ಹೊರಟು ಮೂರು ದಿನಕ್ಕೆ ಮರಳುವ ಹಡಗಿನಲ್ಲಿ ಅವ್ವನ ಜೊತೆ ಒಂದೇ ಕೋಣೆ ಬೇಕೆಂದು ಹಟ ಹಿಡಿದವಳೂ ಅವಳೇ.

ಅವ್ವನ ಮೇಲೆ ಅವಳಿಗೆ ಅಷ್ಟು ಪ್ರೀತಿ ಇರುವುದಕ್ಕೆ ಕಾರಣವಿತ್ತು. ಹುಟ್ಟಿದಾಗಿನಿಂದ ಶರವಣನ್‌ಗೆ ಯುವಶ್ರೀ ಎಂದು ಮನೆಯಲ್ಲಿ ಗೊತ್ತುಮಾಡಿಟ್ಟಿದ್ದರು; ಮಾಮನ ಮಗನಿಗೆ ಮುರೈ, ಅಂದರೆ ಹಕ್ಕು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನನ್ನು ಗಂಡ ಎನ್ನಲು ಅವಳಿಗೆ ಮನಸ್ಸು ಬಗ್ಗಲಿಲ್ಲ. ಚಿನ್ನಾಳಪಟ್ಟಿಯ ನೇಕಾರರ ಸಂಘದಲ್ಲಿ ಸೀರೆಗೆ ಬಣ್ಣ ಕೂಡಿಸುವ ಕೆಲಸ ಅವಳದು. ಅದನ್ನು ಬಿಟ್ಟು ಬರಲಾರೆ, ಈ ಮದುವೆ ಬೇಡ ಎಂದು ಎರಡು ತಿಂಗಳ ಹಿಂದೆ ಅತ್ತು ಕರೆದಾಗ ಅವ್ವನೇ ಎದ್ದು ಹಟ್ಟಿಗೆ ಹೋದಳು. ಆಗಷ್ಟೇ ಕರೆದ ಹಾಲಿನ ಚೊಂಬಿನ ಬಾಯಿಗೆ ಅಂಗೈ ಮುಚ್ಚಿದಳು. ನೊರೆ ಕೈಗೆ ತಾಗುವಂತೆ ಇಟ್ಟು ಆಡಿದ ಮಾತನ್ನು ಆ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಮುರಿದಿಲ್ಲ.

"ನಾನು ಬದ್ಕಿರೋಗಂಟ ಈ ಮಣ್ಣಿನ ಮ್ಯಾಲೆ ಅವನ ಕೂಡೆ ನಿನಗೆ ತಟ್ಟೆ ಮಾತ್ತಾಕೆ ಬುಡಾಕಿಲ್ಲ ಪಾಪಾ," ಎಂದಳು ಅವ್ವ. ತಟ್ಟೆ ಮಾತ್ತುವುದು ಎಂದರೆ ಎರಡು ಮನೆಯವರು ವೀಳ್ಯದ ತಟ್ಟೆ ಬದಲಾಯಿಸಿಕೊಳ್ಳುವುದು. ಅದಾದರೆ ನಿಶ್ಚಯವಾಯಿತು, ಹಿಂದೆಗೆಯುವ ಮಾತಿಲ್ಲ.

ಅಂದಿನಿಂದ ಯುವಶ್ರೀ ಹೊಟ್ಟೆ ತುಂಬ ಉಂಡಳು, ಕಣ್ಣು ತುಂಬ ನಿದ್ದೆ ಮಾಡಿದಳು.

ಸುತ್ತಾಟದಲ್ಲಿ ಹತ್ತು ಮಂದಿ ಇದ್ದರು. ತಲೆಗೆ ಬಲೆಯಂಥ ಟೊಪ್ಪಿಗೆ ಹಾಕಿಸಿ ಎಲ್ಲರನ್ನೂ ಅಡುಗೆಮನೆಗೆ ಬಿಟ್ಟರು. ಒಂದು ಊರಿನ ಮದುವೆಗೆ ಸಾಲುವಷ್ಟು ಪಾತ್ರೆ, ನೆಲವೆಲ್ಲ ಒದ್ದೆ, ಎಲ್ಲೆಲ್ಲೂ ಉಕ್ಕಿನ ಮೇಜು. ಸಿಹಿ ತಿಂಡಿಯ ವಿಭಾಗದ ಯಜಮಾನ ಈಶ್ವರನ್ ಎಂಬ ಐವತ್ತು ದಾಟಿದ ಮನುಷ್ಯ, ದಿಂಡಿಗಲ್ ಕಡೆಯವನು. ಯುವಶ್ರೀ ತಮಿಳು ಮಾತಾಡುವುದು ಕೇಳಿ ಅವನು ಹಿಗ್ಗಿಹೋದ.

"ನಮ್ಮ ಕಡೆಯವರದೇ ಒಂದು ಕೆಲಸ ನಡೀತಿದೆ, ಬಾ ಅಮ್ಮಾ, ನೋಡು," ಎಂದು ತಮಿಳಿನಲ್ಲಿ ಕರೆದ. "ಕಂಬಂ ಕಡೆಯ ಕುಟುಂಬ. ಸಂಜೆ ಏಳಕ್ಕೆ ನಿಶ್ಚಯ. ಹುಡುಗಿಗೆ ಗೊತ್ತಿಲ್ಲವಂತೆ, ಬೆರಗುಪಡಿಸಬೇಕಂತೆ!"

ಮೇಜಿನ ಮೇಲೆ ಎರಡು ಅಂತಸ್ತಿನ ಕೇಕು. ಅಂಚಿಗೆ ಹಸಿರು ದ್ರಾಕ್ಷಿ ಗೊಂಚಲು. ಮೇಲೆ ಅಂದವಾದ ತಮಿಳಿನಲ್ಲಿ ಎರಡು ಹೆಸರು: ಶರವಣನ್, ಯುವಶ್ರೀ.

ಅವಳಿಗೆ ಮೊದಲು ಬಂದದ್ದು ನಗು. ಅವ್ವ ಕೈಯಿಟ್ಟು ಹೇಳಿದ್ದಾಳೆ, ಇದು ಮಾಮನ ಕಿತಾಪತಿ, ಮೇಲೆ ಹೋಗಿ ಅವ್ವನಿಗೆ ಹೇಳಿದರೆ ಮಾಮನ ಕಿವಿ ಹಿಂಡುತ್ತಾಳೆ ಎಂದುಕೊಂಡಳು.

"ಯಾವ ಕೋಣೆಯವರು ಹೇಳಿದ್ದು?"

ಈಶ್ವರನ್ ಗೋಡೆಗೆ ಅಂಟಿಸಿದ ಚೀಟಿ ನೋಡಿದ. "ಎಂಟುನೂರ ಹದಿನಾಲ್ಕು. ಒಬ್ಬರು ವಯಸ್ಸಾದ ಅಮ್ಮ. ನಿನ್ನೆ ತಾವೇ ಇಳಿದು ಬಂದು, ದ್ರಾಕ್ಷಿ ನಮ್ಮ ತೋಟದ್ದೇ ಹಾಕಬೇಕು ಅಂತ ಬುಟ್ಟಿ ಕೊಟ್ಟು ಹೋದರು."

ಎಂಟುನೂರ ಹದಿನಾಲ್ಕರ ಬಾಗಿಲು ತೆರೆಯುವ ಕಾರ್ಡು ಯುವಶ್ರೀಯ ಕೊರಳಲ್ಲೇ ತೂಗುತ್ತಿತ್ತು. ಉಳಿದವರು ಮುಂದಿನ ಕೋಣೆಗೆ ಹೋದರು, ಅವಳು ಮೆಟ್ಟಿಲು ಹತ್ತಿದಳು.

ಮೇಲಿನ ಓಣಿಯಲ್ಲಿ ಶರವಣನ್ ಎದುರಾದ. ಕೈಯಲ್ಲಿ ಇಸ್ತ್ರಿ ಮಾಡಿಸಿದ ರೇಷ್ಮೆ ಪಂಚೆ. "ಗೊತ್ತಾಗಿಬಿಟ್ಟಿತಾ?" ಎಂದು ನಾಚಿದ. ಅವಳ ಮುಖ ಕಂಡು ಅವನ ನಗೆ ಇಳಿಯಿತು. "ನೀನೇ ಒಪ್ಪಿದೀಯ ಅಂತ ಅವ್ವ ಹೇಳಿದ್ಲು..." ಅವನನ್ನು ಬೈಯಲೂ ಆಗಲಿಲ್ಲ. ಅವನಿಗೂ ಮುದುಕಿ ಟೋಪಿ ಹಾಕಿದ್ದಳು.

ಅವ್ವ ಹಾಸಿಗೆಯ ಮೇಲೆ ಸೀರೆ ಹರವಿಕೊಂಡು ಕುಳಿತಿದ್ದಳು. ಚಿನ್ನಾಳಪಟ್ಟಿಯ ಸೀರೆ, ಗಿಳಿಹಸಿರಿಗೆ ಕುಂಕುಮದ ಅಂಚು. ಹೋದ ತಿಂಗಳು "ನನ್ ಕಣ್ಣು ಮಂಜು ಪಾಪಾ, ಯಾರದೋ ಮನೆ ವಿಸೇಸಕ್ಕೆ ಕೊಡ್ಬೇಕು, ನೀನೇ ಬಣ್ಣ ಕೂಡ್ಸು" ಎಂದು ಅವ್ವ ಕೇಳಿದ್ದಳು. ಯುವಶ್ರೀ ನಾಲ್ಕು ದಿನ ಕೂತು ಬಣ್ಣ ಹೊಂದಿಸಿದ್ದಳು. ನನ್ನ ಕುಣಿಕೆಯನ್ನು ನನ್ನ ಕೈಯಿಂದಲೇ ಹೊಸೆಯಿಸಿದ್ದಾಳೆ!

"ಹಾಲಿನ ಮೇಲೆ ಕೈಯಿಟ್ಟಿದ್ದೆಯಲ್ಲ ಅವ್ವಾ?" ತಮಿಳಿನಲ್ಲಿ ಕೇಳಿದಳು. ಮನೆಮಾತಾದ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ನಾಲಿಗೆಗೆ ಸರಾಗ ಬರುತ್ತಿರಲಿಲ್ಲ.

ಅವ್ವ ಸೀರೆಯ ಮಡಿಕೆ ಸರಿಮಾಡಿದಳು. "ಇಟ್ಟಿದ್ದೆ. ಮುರ್ದಿಲ್ಲ. ಈ ಮಣ್ಣಿನ ಮ್ಯಾಲೆ ಅಂದೆ. ಇಲ್ಲಿ ಮಣ್ಣು ಎಲ್ಲೈತೆ, ತೋರ್ಸು?"

ಯುವಶ್ರೀ ಕಿಟಕಿಯತ್ತ ನೋಡಿದಳು. ಕಣ್ಣು ಹಾಯುವ ತನಕ ನೀರು.

"ಊರಲ್ಲಾದ್ರೆ ನೀನು ಬಸ್ ಅತ್ತಿ ಓಗ್ಬುಡ್ತಿದ್ದೆ," ಅವ್ವ ಮೆಲ್ಲಗೆ ಹೇಳಿದಳು. "ಇಲ್ಲಿಂದ ಎಲ್ಲಿಗೆ ಓಗ್ತೀಯ? ನನ್ ಮಗ್ಳ ಮನೆ, ನನ್ ಮಗನ್ ಮನೆ ಬ್ಯಾರೆ ಬ್ಯಾರೆ ಆಗ್ಬಾರ್ದು ನನ್ ಕಣ್ಣೇ. ನಿನ್ ಒಳ್ಳೇದ್ಕೇ."

ಬೇರೆ ಯಾರಾದರೂ ಮಾಡಿದ್ದರೆ ಕೂಗಾಡಿ ರಂಪ ಮಾಡುತ್ತಿದ್ದಳು. ಮಾಡಿದವಳು ಅವ್ವ. ಸಮುದ್ರ ನೋಡಬೇಕೆಂದ ಆಸೆಯೂ ಸುಳ್ಳು. ಅವ್ವನಿಗೆ ಬೇಕಾಗಿದ್ದದ್ದು ಮಣ್ಣಿಲ್ಲದ ಜಾಗ. ಆಣೆ ಇಡುವಾಗಲೇ ತಪ್ಪಿಸಿಕೊಳ್ಳುವ ಕಿಂಡಿ ಬಿಟ್ಟುಕೊಂಡಿದ್ದಳು. ಸಂಜೆಯವರೆಗೆ ಅವಳು ಎದುರಾಡದೆ ಕಿಟಕಿಯ ಬಳಿ ಕೂತಿದ್ದಳು. ಒಪ್ಪಿದಳೆಂದು ಅವ್ವ ಹಿಗ್ಗಿದಳು.

ಏಳಕ್ಕೆ ಊಟದ ಮೇಜಿಗೆ ಕೇಕು ಬಂತು. ಅಪ್ಪ ಮಗಳ ಕಣ್ಣು ತಪ್ಪಿಸಿ ವೀಳ್ಯದೆಲೆ ಜೋಡಿಸಿದ. ಹಸಿರು ಸೀರೆ ಇಟ್ಟಿದ್ದ ತಟ್ಟೆಗೆ ಮಾಮ ಕೈ ಹಾಕಿದ.

"ಒಂದು ಬಟ್ಟಲು ಹಾಲು ಬೇಕು, ತುಂಬಿಸಿ ತನ್ನಿ," ಎಂದು ಯುವಶ್ರೀ ಬಡಿಸುವವನಿಗೆ ಹೇಳಿದಳು. ಮಗಳಿಗೆ ಗಂಟಲು ಒಣಗಿರಬೇಕು ಎಂದು ಅಮ್ಮ ಕನಿಕರಪಟ್ಟಳು. ಹಾಲು ಬಂತು. ಯುವಶ್ರೀ ಕುಡಿಯಲಿಲ್ಲ. ಬಟ್ಟಲ ಬಾಯಿಗೆ ಬಲಗೈ ಮುಚ್ಚಿ ಹಾಲು ತಾಗುವವರೆಗೆ ಒತ್ತಿದಳು.

ಅವ್ವ ಎದ್ದೇ ನಿಂತಳು. "ಬ್ಯಾಡ ಪಾಪಾ. ಕೈ ತೆಗಿ."

ಮಧ್ಯಾಹ್ನದಿಂದ ಮನಸ್ಸಿನಲ್ಲೇ ಉರುಹಾಕಿಕೊಂಡಿದ್ದನ್ನು ಅವಳು ಮನೆಮಾತಿನಲ್ಲೇ, ತಡವರಿಸುತ್ತ ಹೇಳಿದಳು. "ಶರವಣನ್‌ನ ನಾನು ಕಟ್ಕೊಳಾಕಿಲ್ಲ. ಮಣ್ಣಿನ ಮ್ಯಾಲೂ ಇಲ್ಲ. ನೀರಿನ ಮ್ಯಾಲೂ ಇಲ್ಲ. ನೀನು ಇರೋಗಂಟಾನೂ ಇಲ್ಲ, ಓದ್ ಮ್ಯಾಲೂ ಇಲ್ಲ."

ಪ್ರಭಾಕರನ್ ಮಾಮ ತಟ್ಟೆಯಿಂದ ಕೈ ತೆಗೆದ. ಹಾಲಿನ ಮಾತಿಗೆ ಎದುರಾಡುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಶರವಣನ್ ತಲೆ ತಗ್ಗಿಸಿ, ಸಾಕು ಎನ್ನುವಂತೆ, ಕೇಕನ್ನು ಅತ್ತ ಸರಿಸಿದ.

ಯುವಶ್ರೀಯ ಮಣಿಕಟ್ಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಚಿಕ್ಕಂದಿನಿಂದ ಅವಳ ಎಂಜಲು ಕೈ, ಕೆಸರು ಕೈ ಎಲ್ಲವನ್ನೂ ಒರೆಸಿದ್ದು ಅವ್ವನ ಸೆರಗೇ. ರೂಢಿಯಂತೆ ಅವ್ವ ಸೆರಗು ಹಿಡಿದು ಕೈ ಚಾಚಿದಳು. ಯುವಶ್ರೀ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹಾಲು ಕೈಮೇಲೆಯೇ ಒಣಗಲಿ ಎಂದು ಬಿಟ್ಟಳು.