ಗಾಡಿ ಬಿಡು

ಮೇಷ್ಟ್ರ ಕಾಲಿಗೊಂದು ಕೆಟ್ಟ ಚಾಳಿ. ಯಾರ ಕಾರಿನಲ್ಲಿ ಮುಂದೆ ಕೂತರೂ ಅದು ತನ್ನ ಪಾಡಿಗೆ ತಾನು ಕೆಳಗೆ ಬ್ರೇಕ್ ಹುಡುಕುತ್ತೆ. ಹುಡುಕದೆ ಏನು ಮಾಡೀತು? ಅರ್ಧ ಆಯಸ್ಸು ಡ್ರೈವಿಂಗ್ ಸ್ಕೂಲಿನ ಕಾರಲ್ಲೇ ಕಳೆದ ಮನುಷ್ಯ. ಆ ಕಾರಲ್ಲಿ ಕಲಿಯೋರ ಕಾಲಡಿ ಒಂದು ಬ್ರೇಕು, ಕಲಿಸೋರ ಕಾಲಡಿ ಇನ್ನೊಂದು. ಆ ಎರಡನೇದು ಇಲ್ಲದಿದ್ದರೆ ಅವರ ಶಿಷ್ಯರಲ್ಲಿ ಅರ್ಧ ಜನ ಇಷ್ಟು ಹೊತ್ತಿಗೆ ಗೋಡೆ ಮೇಲೆ ಫೋಟೊ ಆಗಿರುತ್ತಿದ್ದರು.

ಈಗ ಕೂತಿದ್ದು ಪರದೇಶದಲ್ಲಿ, ಬಾಲ್ಯದ ಗೆಳೆಯ ಪೀಪಿಯ ಕಾರಿನಲ್ಲಿ. ಪೀಪಿ ಅನ್ನೋದು ಹೆತ್ತೋರು ಇಟ್ಟ ಹೆಸರಲ್ಲ. ಚಿಕ್ಕಂದಿನಲ್ಲಿ ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸ್ಕೊಂಡು, ಬಾಯಲ್ಲೇ ಹಾರನ್ ಹೊಡ್ಕೊಂಡು ಬೀದಿ ತುಂಬ ಓಡುತ್ತಿದ್ದ, ಅದಕ್ಕೆ ಅಂಟಿಕೊಂಡಿದ್ದು. ಅವನಿಗೆ ನಿಜವಾದ ಗಾಡಿ ಕಲಿಸಿದ್ದೂ ಮೇಷ್ಟ್ರೇ. ಕಲಿತವನು ಹಾರಿ ಬಂದು ಈಗ ಇಲ್ಲಿ ಶಾಲೆ ವ್ಯಾನ್ ಓಡಿಸುತ್ತಾನೆ. ಮೇಷ್ಟ್ರು ಅದೇ ದೇಶದ ಇನ್ನೊಂದು ಊರಲ್ಲಿರೋ ತಂಗಿ ಮನೆಗೆ ಬಂದಿದ್ದರು. "ಇಷ್ಟು ದೂರ ಬಂದು ನನ್ನ ಮನೆಗೆ ಬರದೇ ಹೋದ್ರೆ ನಿನ್ನ ಮುಖ ನೋಡಲ್ಲ" ಅಂತ ಪೀಪಿ ಫೋನಿನಲ್ಲಿ ರೇಗಿದ. ಸರಿ, ಶನಿವಾರ ಭಾನುವಾರ ಇದ್ದು ಹೋಗೋಣ ಅಂತ ರೈಲು ಹತ್ತಿದ್ದರು.

ಚಳಿ ಅಂದರೆ ಎಂಥ ಚಳಿ! ಮೂಗು ಇದೆಯೋ ಎಲ್ಲಾದರೂ ಬಿದ್ದುಹೋಯಿತೋ ಅಂತ ಆಗಾಗ ಮುಟ್ಟಿ ನೋಡಿಕೊಳ್ಳಬೇಕು. ಸ್ಟೇಷನ್ ಬಾಗಿಲಲ್ಲಿ ಪೀಪಿ ಕಾಯುತ್ತಿದ್ದ. ಮೇಷ್ಟ್ರು ಕೈ ಬೀಸಿದರು. ಅವನು ಇವರ ಕಡೆಗೇ ತಿರುಗಿ ಸುಮ್ಮನೆ ನಿಂತಿದ್ದ. "ಲೋ ಪೀಪಿ!" ಅಂತ ಗಂಟಲು ಹರಿಯೋ ಹಾಗೆ ಕೂಗಿದ ಮೇಲೆ ಓಡಿ ಬಂದು ತಬ್ಬಿಕೊಂಡ.

"ತಲೆಗೆ ಟೋಪಿ, ಮೂತಿಗೆ ಮಫ್ಲರು. ಗುರುತು ಹೇಗೋ ಸಿಗಬೇಕು?" ಅಂದ.

ಮೇಷ್ಟ್ರು ನಕ್ಕರು. ಕಾರು ಹೊರಟ ಮೇಲೆ ಆ ನಗು ಉಳಿಯಲಿಲ್ಲ. ರಸ್ತೆಯ ಎರಡೂ ಕಡೆ ಹಿಮದ ಗುಡ್ಡೆ, ನಡುವೆ ಕಪ್ಪಗೆ ಒದ್ದೆ ದಾರಿ. ಪೀಪಿ ಕತ್ತು ಓರೆ ಮಾಡಿ, ಕೋಳಿ ಕಾಳು ನೋಡೋ ಹಾಗೆ, ಓರೆಗಣ್ಣಲ್ಲಿ ಓಡಿಸುತ್ತಿದ್ದ. ಸಿಗ್ನಲ್ ಹಸಿರಾದರೂ ಹೊರಡುವುದಿಲ್ಲ; ಪಕ್ಕದ ಗಾಡಿ ಹೊರಟರೆ ಇವನೂ ಹೊರಡುತ್ತಾನೆ. ಒಂದು ಕಡೆ ಕಪ್ಪು ಕೋಟು ಹಾಕಿಕೊಂಡ ಹೆಂಗಸೊಬ್ಬಳು ಮಗುವಿನ ಗಾಡಿ ತಳ್ಳಿಕೊಂಡು ನಟ್ಟನಡುವೆ ರಸ್ತೆ ದಾಟುತ್ತಿದ್ದಳು. ಕಾರು ನಿಧಾನವಾಗಲೇ ಇಲ್ಲ. ಮೇಷ್ಟ್ರ ಕಾಲು ಬರೀ ನೆಲವನ್ನು ಒತ್ತಿತು.

"ಲೋ, ಹೆಂಗಸು! ಹೆಂಗಸು ಕಣೋ!"

ಬ್ರೇಕ್ ಬಿತ್ತು. ಹೆಂಗಸು ಕಣ್ಣಲ್ಲೇ ಸುಡುವ ಹಾಗೆ ನೋಡಿ ದಾಟಿದಳು.

"ನೋಡಿದ್ದೆ ಕಣೋ ಮಾರಾಯ" ಅಂದ ಪೀಪಿ. "ನಿನಗೆ ಪಕ್ಕದಲ್ಲಿ ಕೂತ್ರೆ ಎಲ್ಲರೂ ಶಿಷ್ಯರೇ."

ಜೀವ ಬಾಯಿಗೆ ಬಂದವನ ಮುಂದೆ ಬಾಯಿ ಮಾತು ಬೇರೆ! ಮೇಷ್ಟ್ರು ಮನೆ ತಲುಪೋವರೆಗೂ ರಸ್ತೆ ಮೇಲಿನ ಕಣ್ಣು ಕೀಳಲಿಲ್ಲ.

ಮನೆ ಚಿಕ್ಕದು, ಬೆಚ್ಚಗಿತ್ತು. ಬಾಗಿಲ ಬಳಿ ಒದ್ದೆ ಬೂಟುಗಳು, ಹೀಟರಿನ ಮೇಲೆ ಒಣಗಲು ಹಾಕಿದ ಕಾಲುಚೀಲಗಳು. ಪೀಪಿಯ ಹೆಂಡತಿ "ಬನ್ನಿ ಅಣ್ಣ, ಬನ್ನಿ" ಅಂತ ಚೀಲ ಇಸಕೊಂಡು, ಕೂರೋಕೆ ಮೊದಲೇ ಬಿಸಿ ಬಿಸಿ ಟೀ ಕೈಗಿಟ್ಟಳು. ಎರಡನೇ ಕ್ಲಾಸಿನ ಮಗಳು, ಅಪ್ಪನ ವ್ಯಾನ್ ಹೋಗೋ ಶಾಲೆಯಲ್ಲೇ ಓದೋಳು, ಅಪ್ಪನ ಮುಂದೆ ನಿಂತು "ಅಪ್ಪಾ ನೋಡು" ಅಂತ ಬಾಯಿ ಅಗಲಿಸಿ ಬಿದ್ದ ಹಲ್ಲಿನ ಜಾಗ ತೋರಿಸಿದಳು.

"ಚಿತ್ರ ಚೆನ್ನಾಗಿ ಬರೆದಿದ್ದೀಯ ಪುಟ್ಟಿ" ಅಂದ ಪೀಪಿ.

ಮಗು ಪಿಳಿಪಿಳಿ ನೋಡಿತು. "ಹಲ್ಲು ರೀ, ಹಲ್ಲು ತೋರಿಸ್ತಿದ್ದಾಳೆ" ಅಂದಳು ಹೆಂಡತಿ. ಅಂದವಳೇ ಸರಕ್ಕನೆ ಅಡುಗೆಮನೆಗೆ ಹೋದಳು. ಮೇಷ್ಟ್ರು ಟೀ ಕೆಳಗಿಟ್ಟು ಪೀಪಿಯ ಕಣ್ಣನ್ನೇ ನೋಡಿದರು.

ಮಧ್ಯಾಹ್ನ ಗೆಳೆಯರಿಬ್ಬರೂ ಬಾಗಿಲ ಮುಂದಿನ ಹಿಮ ಎತ್ತೋಕೆ ಸಲಿಕೆ ಹಿಡಿದು ಹೊರಬಂದರು. ಮೇಷ್ಟ್ರು ನಾಲ್ಕು ಸಲಿಕೆ ಎತ್ತಿದ ಶಾಸ್ತ್ರ ಮಾಡಿ ನೆಟ್ಟಗೆ ನಿಂತರು. ಯಾವ ಹೊಸ ಶಿಷ್ಯ ಬಂದರೂ ಮೊದಲ ದಿನ ಅವನಿಗೆ ಸ್ಟೇರಿಂಗ್ ಮುಟ್ಟಿಸೋಕೆ ಮುಂಚೆ ಅವರು ಕೇಳೋ ಪ್ರಶ್ನೆ ಒಂದೇ. ಅದನ್ನೇ ಕೇಳಿದರು.

"ಎದುರು ಮನೆ ಮುಂದಿರೋ ಕಾರಿನ ನಂಬರ್ ಓದೋ ನೋಡೋಣ."

"ಏನೋ ಇದು, ಮುದಿವಯಸ್ಸಲ್ಲಿ ಪರೀಕ್ಷೆ?" ಅಂತ ನಗುತ್ತಲೇ ಪೀಪಿ ಒಂದಕ್ಷರವೂ ತಡವರಿಸದೆ ಗಡಗಡ ಓದಿದ. ಓದಿ, "ಸಾಕಾ?" ಅಂದ.

ಮೇಷ್ಟ್ರು ಸಲಿಕೆ ಕೆಳಗಿಟ್ಟರು. "ನೀನು ಹೇಳಿದ್ದು ಆ ಮನೆಯೋರ ಕಾರಿನ ನಂಬರ್ ಇರಬೇಕು. ದಿನಾ ಅಲ್ಲೇ ನಿಂತಿರುತ್ತೇನೋ, ಬಾಯಿಪಾಠ ಆಗಿದೆ. ಇವತ್ತು ಅಲ್ಲಿ ನಿಂತಿರೋದು ಬೇರೆ ಕಾರು ಕಣೋ ಪೀಪಿ. ಬಣ್ಣ ಬೇರೆ, ನಂಬರ್ ಬೇರೆ. ಯಾರೋ ನೆಂಟರದು."

ಪೀಪಿ ಕತ್ತು ಓರೆ ಮಾಡಿ ಆ ಕಾರನ್ನು ಇನ್ನೊಮ್ಮೆ ನೋಡಿದ.

"ಎಷ್ಟು ಕಾಣುತ್ತೆ? ನಿಜ ಹೇಳು."

"ಸುತ್ತ ಎಲ್ಲಾ ಕಾಣುತ್ತೆ. ನಟ್ಟನಡುವೆ ಮಾತ್ರ ಹಬೆ ಕಟ್ಟಿದ ಹಾಗೆ. ಕಣ್ಣಿನ ಮಧ್ಯಭಾಗವೇ ಸವೀತಿದೆಯಂತೆ, ಔಷಧಿ ಇಲ್ಲವಂತೆ. ಡಾಕ್ಟರು ಗಾಡಿ ಮುಟ್ಟಬೇಡ ಅಂದ್ರು. ನಾನು ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ."

"ಹೆಂಡತಿಗೆ?"

"ಗೊತ್ತಿಲ್ಲ. ಹೇಳಕೂಡದು."

ಮೇಷ್ಟ್ರಿಗೆ ಎಲ್ಲಿತ್ತೋ ಕೋಪ. "ನಿನಗೇನು ತಲೆ ನೆಟ್ಟಗಿದೆಯೇನೋ? ವ್ಯಾನಲ್ಲಿ ಮಕ್ಕಳನ್ನ ತುಂಬ್ಕೊಂಡು ಹೋಗೋನು ನೀನು! ಗಾಡಿ ಬಿಡೋ. ಸೋಮವಾರದಿಂದ್ಲೇ ಬಿಡು."

"ಗಾಡಿ ಬಿಡೋದು ಕಲಿಸಿದೋನು ನೀನೇ, ಈಗ ಗಾಡಿ ಬಿಡು ಅನ್ನೋನೂ ನೀನೇ" ಅಂತ ಪೀಪಿ ಹಲ್ಲು ಕಿರಿದ. ಇಂಥ ಹೊತ್ತಲ್ಲೂ ತಮಾಷೆ, ಅದಕ್ಕಿಷ್ಟು ಬೆಂಕಿ ಬೀಳ! ಆಮೇಲೆ ಅವನ ದನಿ ಬಿದ್ದುಹೋಯಿತು. "ಈ ಕೆಲಸ ಇದ್ರೆ ಈ ದೇಶದಲ್ಲಿ ಇರೋಕೆ ಪರ್ಮಿಟ್ಟು. ಕೆಲಸ ಹೋದ್ರೆ ಮಗು ಸ್ಕೂಲು, ಇವಳ ಕೆಲಸ, ಎಲ್ಲಾ ಗಂಟುಮೂಟೆ ಕಟ್ಟಬೇಕು. ಬೇಸಿಗೆ ರಜದವರೆಗೆ ತಳ್ಳಿಬಿಡ್ತೀನಿ. ದಾರಿ ನನಗೆ ಅಂಗೈ ಗೆರೆ ಇದ್ದ ಹಾಗೆ ಕಣೋ."

"ದಾರಿ ಅಲ್ಲೇ ಇರುತ್ತೆ. ಅದರ ಮೇಲೆ ಯಾರು ಅಡ್ಡ ಬರ್ತಾರೆ ಅಂತ ಅಂಗೈಲಿ ಬರೆದಿರುತ್ತಾ? ಬಿಡೋ ಅಂದ್ರೆ ಬಿಡು."

"ನನ್ನಾಣೆ. ಇವಳ ಮುಂದೆ ಬಾಯಿ ಬಿಟ್ಟರೆ ನನ್ನ ಹೆಣ ನೋಡ್ತೀಯ."

ಆಣೆ ಅನ್ನೋದು ಬಿಸಿ ತುಪ್ಪ, ನುಂಗೋ ಹಾಗೂ ಇಲ್ಲ ಉಗುಳೋ ಹಾಗೂ ಇಲ್ಲ. ಅವತ್ತೆಲ್ಲ ಮೇಷ್ಟ್ರು ಅದನ್ನೇ ಬಾಯಲ್ಲಿಟ್ಟುಕೊಂಡು ತಿರುಗಿದರು. ಅವಕಾಶ ಸಿಕ್ಕಾಗಲೆಲ್ಲ, ಹೆಂಡತಿ ಆ ಕಡೆ ಹೋದ ತಕ್ಷಣ, "ಬಿಡ್ತೀಯೋ ಇಲ್ವೋ" ಅಂತ ಪಿಸುಗುಟ್ಟುವುದು. ಅವನು ತಲೆ ಅಲ್ಲಾಡಿಸುವುದು. ಭಾನುವಾರ ತಿಂಡಿ ತಿನ್ನುವಾಗಲೂ ಅದೇ, ಸ್ವೆಟರ್ ಹಾಕಿಕೊಳ್ಳುವಾಗಲೂ ಅದೇ. ಹೆಂಡತಿ ಒಮ್ಮೆ ಗಂಡನನ್ನೂ ಒಮ್ಮೆ ಮೇಷ್ಟ್ರನ್ನೂ ನೋಡುತ್ತಿದ್ದಳೇ ಹೊರತು ಏನು ಎತ್ತ ಅಂತ ಕೇಳಲಿಲ್ಲ.

ಹೊರಡೋ ಹೊತ್ತಿಗೆ ಮತ್ತೆ ಹಿಮ ಉದುರೋಕೆ ಶುರುವಾಯಿತು. "ನಾನು ಟ್ಯಾಕ್ಸಿ ಮಾಡ್ಕೊಂಡು ಹೋಗ್ತೀನಿ" ಅಂದರು ಮೇಷ್ಟ್ರು. ಪೀಪಿ ಕೀ ತೆಗೆದುಕೊಂಡಾಗಿತ್ತು. "ಮನೆಗೆ ಬಂದೋನನ್ನ ಟ್ಯಾಕ್ಸಿ ಹತ್ತಿಸಿ ಕಳಿಸೋಷ್ಟು ಕೆಟ್ಟುಹೋಗಿಲ್ಲ ನಾನು." ಮಗಳು ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. "ನಾನೂ ಬರ್ತೀನಿ" ಅಂತ ಹೆಂಡತಿ ಬೂಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಅವಳಿಗೆ ಓಡಿಸೋಕೇ ಬರಲ್ಲ, ಮೇಷ್ಟ್ರಿಗೆ ಇಲ್ಲಿ ಓಡಿಸೋ ಲೈಸೆನ್ಸ್ ಇಲ್ಲ. ಹೋಗಲಿ, ಪಕ್ಕದಲ್ಲಿ ಎರಡು ಸರಿಯಾದ ಕಣ್ಣಾದರೂ ಇರಲಿ ಅಂತ ಹತ್ತಿದರು.

"ಬಲಗಡೆ ಸೈಕಲ್ಲು. ಮುಂದೆ ಬಸ್ಸು ನಿಂತಿದೆ. ನಿಧಾನ, ನಿಧಾನ" ಅಂತ ಉದ್ದಕ್ಕೂ ಹೇಳುತ್ತಾ ಬಂದರು. ಹಿಂದೆ ಕೂತವಳಿಗೆ ಅನುಮಾನ ಬಾರದಿರಲಿ ಅಂತ ನಡುನಡುವೆ ಒಂದು ಸುಳ್ಳು ನಗೆ.

ಸ್ಟೇಷನ್ನಿಗೆ ಇಳಿಯುವ ಇಳಿಜಾರಿನಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ ಕೈ ಕೈ ಹಿಡಿದುಕೊಂಡು ರಸ್ತೆಗೆ ಇಳಿದರು. "ಜನ!" ಅಂದರು ಮೇಷ್ಟ್ರು. ಪೀಪಿ ಬೆಚ್ಚಿ, ಇದ್ದಬದ್ದ ಬಲವೆಲ್ಲ ಹಾಕಿ ಬ್ರೇಕ್ ಒತ್ತಿದ. ಹಿಮದ ಕೆಳಗೆ ಗಾಜಿನಂಥ ಮಂಜುಗಡ್ಡೆ. ಚಕ್ರ ನಿಂತವು, ಕಾರು ನಿಲ್ಲಲಿಲ್ಲ. ಸೊಯ್ಯನೆ ಜಾರಿಕೊಂಡು ನೇರ ಆ ಇಬ್ಬರ ಕಡೆಗೇ ಹೊರಟಿತು. ಹೀಗೆ ಜಾರುವಾಗ ಬ್ರೇಕ್ ಸಡಿಲಿಸಿದರೆ ಮಾತ್ರ ಗಾಡಿ ಸ್ಟೇರಿಂಗಿನ ಮಾತು ಕೇಳೋದು. ಮಳೆಗಾಲದ ಕೆಸರಲ್ಲಿ ಎಷ್ಟು ಶಿಷ್ಯರಿಗೆ ಅರಚಿದ್ದರೋ, ಅದೇ ಮಾತು ಮೇಷ್ಟ್ರ ಬಾಯಿಂದ ಬಂತು.

"ಬಿಡೋ! ಬಿಡೋ!"

ಪೀಪಿ ಬಿಟ್ಟ. ಬ್ರೇಕನ್ನಲ್ಲ, ಸ್ಟೇರಿಂಗನ್ನ. ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ಕೂತುಬಿಟ್ಟ.

"ಕಾಲು! ಕಾಲು ತೆಗಿಯೋ!" ಅಂತ ಕೂಗುತ್ತಾ ಮೇಷ್ಟ್ರು ಅಡ್ಡ ಬಿದ್ದು ಸ್ಟೇರಿಂಗ್ ಎಳೆದರು. ಕಾಲು ಸಡಿಲವಾಯಿತು. ಕಾರು ಮೈ ಮುರಿದ ಹಾಗೆ ಹೊರಳಿ, ಮುದುಕನ ಕೋಟಿನ ಅಂಚು ಸವರಿ, ರಸ್ತೆ ಬದಿಯ ಹಿಮದ ಗುಡ್ಡೆಗೆ ಮೂತಿ ಹೂತು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಮುದುಕಿ ಏನೋ ಬೈದಳು. ಮುದುಕ ಬಾನೆಟ್ಟಿನ ಮೇಲೆ ಕೋಲಿನಿಂದ ಒಂದು ಕುಟ್ಟಿ, ಅವಳನ್ನು ಕರೆದುಕೊಂಡು ದಾಟಿ ಹೋದ. ವೈಪರು ಮಾತ್ರ ಆ ಕಡೆ ಈ ಕಡೆ ಆಡುತ್ತಲೇ ಇತ್ತು.

"ಬ್ರೇಕ್ ಬಿಡು ಅಂದೆ ಕಣೋ ಪಾಪಿ!" ಅಂದರು ಮೇಷ್ಟ್ರು.

"ನಿನ್ನೆಯಿಂದ ಬಿಡು ಬಿಡು ಅಂತಾನೇ ಇದ್ದೀಯಲ್ಲೋ" ಅಂದ ಪೀಪಿ. ಕೈ ಇನ್ನೂ ಗಾಳಿಯಲ್ಲೇ ಇತ್ತು. "ಗಾಡಿನೇ ಬಿಡು ಅಂತಿದ್ದೀಯ ಅಂದ್ಕೊಂಡೆ. ಕೈ ತಾನಾಗೇ ಬಿಟ್ಟುಬಿಡ್ತು."

ಮೇಷ್ಟ್ರು ಹಿಂದೆ ತಿರುಗಿದರು. ಆಣೆ ಹಾಳಾಗಿ ಹೋಗಲಿ, ಇನ್ನು ಮುಚ್ಚಿಟ್ಟರೆ ದೇವರು ಮೆಚ್ಚಲ್ಲ ಅಂತ ಬಾಯಿ ತೆಗೆದರು. "ತಾಯೀ, ಇವನಿಗೆ..."

"ಗೊತ್ತು ಅಣ್ಣ" ಅಂದಳು ಅವಳು.

ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು.

"ಚಳಿ ಶುರುವಾದಾಗಿಂದ ಮಗೂನ ನಾನೇ ನಡೆಸ್ಕೊಂಡು ಸ್ಕೂಲಿಗೆ ಬಿಟ್ಟು ಬರ್ತಿದ್ದೀನಿ. ವ್ಯಾನಲ್ಲಿ ಅವಳಿಗೆ ವಾಂತಿ ಬರುತ್ತೆ ಅಂತ ಇವರಿಗೆ ಹೇಳಿದ್ದೆ. ಯಾವ ವಾಂತೀನೂ ಇಲ್ಲ ಅವಳಿಗೆ."

ಪೀಪಿ ನಿಧಾನವಾಗಿ ಕೈ ಇಳಿಸಿದ. ತಿರುಗದೆಯೇ ಕೇಳಿದ, "ಮಿಕ್ಕ ಮಕ್ಕಳು?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೇಳಿದವನಿಗೂ ಕೇಳೋ ಮುಖವಿರಲಿಲ್ಲ. ಮೇಷ್ಟ್ರಿಗೆ ಆ ಇಬ್ಬರ ಮೇಲೂ ಅಸಹ್ಯ ಬಂತು, ಮರುಕ್ಷಣ ಅಯ್ಯೋ ಅನ್ನಿಸಿತು. ಇವಳು ಮಗುವಿನ ಕೈ ಹಿಡಿದುಕೊಂಡು ಈ ಚಳಿಯಲ್ಲಿ ಹೆಜ್ಜೆ ಹಾಕುವಾಗ ವ್ಯಾನು ಪಕ್ಕದಲ್ಲೇ ಹಾದುಹೋಗಿರುತ್ತೆ. ಕಿಟಕಿಯಲ್ಲಿ ಮಕ್ಕಳು ಟಾಟಾ ಮಾಡಿರುತ್ತಾರೆ. ಇವಳೂ ಕೈ ಬೀಸಿರುತ್ತಾಳೆ.

ಪೀಪಿ ಜೇಬಿನಿಂದ ಫೋನ್ ತೆಗೆದು ಹಿಂದಕ್ಕೆ ಚಾಚಿದ. "ನಮ್ಮ ಸೂಪರ್‌ವೈಸರಿಗೆ ಹಾಕ್ಕೊಡು. ನಾನೇ ಮಾತಾಡ್ತೀನಿ."

ಅವಳು ನಂಬರ್ ಒತ್ತಿ ಕೊಟ್ಟಳು. ಅವನು ಆ ದೇಶದ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದ. ಮೇಷ್ಟ್ರಿಗೆ ಒಂದಕ್ಷರ ಅರ್ಥವಾಗಲಿಲ್ಲ. "ಏನಂತಿದ್ದಾನಮ್ಮ?" ಅಂತ ಸನ್ನೆಯಲ್ಲೇ ಕೇಳಿದರು.

"ನಾಳೆ ಬರಲ್ಲ ಅಂದ್ರು. ಜ್ವರ ಅಂದ್ರು" ಅಂದಳು.

ಅಂದವಳೇ ಸೀಟಿನ ಮಧ್ಯದಿಂದ ಕೈ ಹಾಕಿ ಗಂಡನ ಕಿವಿಯಿಂದ ಫೋನ್ ಕಿತ್ತುಕೊಂಡಳು. ಅವನು "ಏಯ್, ಏಯ್" ಅಂತ ಅದನ್ನು ಹಿಡಿಯೋಕೆ ನೋಡಿದ, ಕೈ ಬರೀ ಗಾಳಿಗೆ ಸಿಕ್ಕಿತು. ಅವಳು ತಡವರಿಸಿಕೊಂಡು, ನಡುನಡುವೆ ಉಸಿರು ಎಳೆದುಕೊಂಡು, ಒಂದಷ್ಟು ಹೊತ್ತು ಮಾತಾಡಿ ಫೋನ್ ಇಟ್ಟಳು. ಪೀಪಿಯ ತಲೆ ಸ್ಟೇರಿಂಗಿನ ಮೇಲೆ ಬಿತ್ತು.

"ಏನಂದೆ ತಾಯಿ?"

"ಇವರಿಗೆ ಕಣ್ಣು ಕಾಣಲ್ಲ, ಅದು ನನಗೂ ಗೊತ್ತಿತ್ತು ಅಂದೆ ಅಣ್ಣ."

"ನಿನಗೆ ಗೊತ್ತಿತ್ತು ಅಂತ ಯಾಕೆ ಹೇಳೋಕೆ ಹೋದೆ?" ಪೀಪಿ ತಲೆ ಎತ್ತದೆ ಅಂದ. "ನಾನು ಜ್ವರ ಅಂದಿದ್ದೆನಲ್ಲ."

"ಜ್ವರ ನಾಡಿದ್ದಿಗೆ ಬಿಡುತ್ತೆ ರೀ" ಅಂದಳು ಹೆಂಡತಿ. "ನೀವು ಮತ್ತೆ ವ್ಯಾನ್ ಹತ್ತುತ್ತೀರಿ. ನಾನು ಮತ್ತೆ ಸುಮ್ಮನಿರ್ತೀನಿ."